ಎರಡು ಹಾಳೆಯಲ್ಲಿ ನನ್ನ ಶಿಕ್ಷಣ ತತ್ತ್ವ

ಸೇವಾನಿರತ ಶಿಕ್ಷಕರ ತರಬೇತಿಯೊಂದರ ಕೊನೆಯಲ್ಲಿ ನಮಗೆ ಕೊಟ್ಟ ಕೆಲಸ ಕೇಳುವುದಕ್ಕೆ ಸುಲಭವಾಗಿಯೇ ಇತ್ತು. ಶಿಕ್ಷಣ ಯಾತಕ್ಕಾಗಿ, ಮಗು ಹೇಗೆ ಕಲಿಯುತ್ತದೆ, ಅದರಲ್ಲಿ ನನ್ನ ಪಾಲಿನ ಕೆಲಸವೇನು ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಎರಡು ಹಾಳೆ ಮೀರದಂತೆ, ಪ್ರತಿಯೊಬ್ಬರೂ ತಮ್ಮ ಶಿಕ್ಷಣ ತತ್ತ್ವವನ್ನು ಬರೆದು ಮುಂದಿನ ಸುತ್ತಿಗೆ ತರಬೇಕು, ಎಲ್ಲರೆದುರು ಓದಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ನಾನು ದಾವಣಗೆರೆಯಲ್ಲಿ ಹುಟ್ಟಿ ಅಲ್ಲಿಯೇ ಓದಿದವಳು. ಕೆಲಸ ಮಾಡುತ್ತಿರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಮೇಲಿನ ತರಗತಿಗಳಿಗೆ ಗಣಿತ ಮತ್ತು ವಿಜ್ಞಾನ ಹೇಳಿಕೊಡುವ ಶಿಕ್ಷಕಿಯಾಗಿ. ಬರೆಯುವ ಕೆಲಸ ನಮಗೆ ಹೊಸದೇನಲ್ಲ. ವಾರ್ಷಿಕ ಪಾಠ ಹಂಚಿಕೆ, ಪಾಠ ಯೋಜನೆ, ರೂಪಣಾತ್ಮಕ (ಕಲಿಕೆಯ ನಡುವಿನ) ಹಾಗೂ ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನದ ವಹಿ, ಬಿಸಿಯೂಟದ ಲೆಕ್ಕ, ಎಸ್‌.ಡಿ.ಎಂ.ಸಿ. (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ ಎಂದು ದಿನವೂ ಏನಾದರೊಂದು ಬರೆಯುತ್ತಲೇ ಇರುತ್ತೇವೆ. ಆದರೆ ಅವಕ್ಕೆಲ್ಲ ನಮೂನೆ ಇದೆ, ಅಂಕಣಗಳಿವೆ, ಹೋದ ವರ್ಷದ್ದನ್ನು ನೋಡಿಕೊಂಡು ಬರೆಯಬಹುದು. ಇದಕ್ಕೆ ಅಂಥದ್ದು ಯಾವುದೂ ಇರಲಿಲ್ಲ. ನಾನು ಏನನ್ನು ಬರೆದೆ, ಏನನ್ನು ಹೊಡೆದುಹಾಕಿದೆ, ಕೊನೆಗೆ ಯಾವ ವಾಕ್ಯಗಳು ನಿಂತವು ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ. ಇದೇ ಕೆಲಸ ಎದುರಾದ ಬೇರೆ ಶಿಕ್ಷಕರಿಗೆ ಉಪಯೋಗಕ್ಕೆ ಬಂದೀತು.

ಮೊದಲ ಕರಡು ಒಂದೇ ಸಂಜೆಗೆ ಮುಗಿಯಿತು. ಬಿ.ಇಡಿ. ಪರೀಕ್ಷೆಗೆಂದು ಓದಿದ್ದ ಆದರ್ಶವಾದ, ಪ್ರಕೃತಿವಾದ, ವಾಸ್ತವವಾದಗಳೆಲ್ಲ ಇನ್ನೂ ತಲೆಯಲ್ಲಿದ್ದವು. ರೂಸೋ, ಪೆಸ್ಟಲಾಜಿ, ಮಾಂಟೆಸ್ಸರಿಯವರಿಗೆ ಒಂದೊಂದು ಸಾಲು, 1901ರಲ್ಲಿ ಟ್ಯಾಗೋರರು ಶಾಂತಿನಿಕೇತನದಲ್ಲಿ ತೆರೆದ ಶಾಲೆಗೆ ಒಂದು ಸಾಲು, 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಕೈಕಸುಬಿನ ಮೂಲಕ ಶಿಕ್ಷಣಕ್ಕೆ ಎರಡು ಸಾಲು ಕೊಟ್ಟೆ. ನಡುನಡುವೆ ಮಗುವಿನ ಸರ್ವತೋಮುಖ ಬೆಳವಣಿಗೆ, ಸಂತಸದಾಯಕ ಕಲಿಕೆ, ಶಿಕ್ಷಕರು ಸುಗಮಕಾರರು ಎಂಬ ಮಾತುಗಳು ತಾವಾಗಿಯೇ ಬಂದು ಕೂತವು. ನಮ್ಮ ಶಾಲೆಯಲ್ಲಿ ನಲಿ-ಕಲಿ (ಚಿಕ್ಕ ತರಗತಿಗಳ ಮಕ್ಕಳು ಚಟುವಟಿಕೆಯ ಮೂಲಕ ಕಲಿಯುವ ಪದ್ಧತಿ) ತರಗತಿ ನೋಡಿಕೊಳ್ಳುವ ಹಿರಿಯ ಶಿಕ್ಷಕಿಗೆ ಅದನ್ನು ಓದಲು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಚೆನ್ನಾಗೈತೆ ಕಣಮ್ಮ. ಆದ್ರೆ ಕೆಳಗೆ ನಿನ್ನ ಹೆಸರು ಅಳಿಸಿ ನನ್ನ ಹೆಸರು ಹಾಕಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?" ಎಂದರು. ಗೊತ್ತಾಗುತ್ತಿರಲಿಲ್ಲ. ಅಲ್ಲಿ ಬರೆದಿದ್ದ ಯಾವ ಮಾತೂ ಸುಳ್ಳಲ್ಲ, ಆದರೆ ಯಾವುದೂ ನಮ್ಮ ಶಾಲೆಯಿಂದ ಬಂದಿರಲಿಲ್ಲ.

ಅಲ್ಲಿಂದ ಮುಂದೆ ನಾನು ಒಂದು ಕಟ್ಟುನಿಟ್ಟನ್ನು ಇಟ್ಟುಕೊಂಡೆ. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ವಾಕ್ಯ, ಬಲಕ್ಕೆ ಆ ವಾಕ್ಯದ ಕಾರಣದಿಂದ ನನ್ನ ತರಗತಿಯಲ್ಲಿ ನಾನು ಮಾಡುವ ಅಥವಾ ಮಾಡದಿರುವ ಒಂದು ಕೆಲಸವನ್ನು ಬರೆಯುವುದು. ಬಲಗಡೆ ಏನೂ ಹೊಳೆಯದಿದ್ದರೆ ಎಡಗಡೆಯದನ್ನು ಹೊಡೆಯುವುದು. ಯಾರೂ ಅಲ್ಲವೆನ್ನಲಾಗದ ವಾಕ್ಯವನ್ನೂ ಹೊಡೆಯುವುದು, ಏಕೆಂದರೆ "ಪ್ರತಿ ಮಗುವೂ ಅಮೂಲ್ಯ" ಎಂಬುದನ್ನು ಒಪ್ಪದ ಶಿಕ್ಷಕರನ್ನು ನಾನಂತೂ ಕಂಡಿಲ್ಲ, ಮಕ್ಕಳನ್ನು ಕತ್ತೆ ಎಂದು ಕರೆಯುವವರೂ ಅದನ್ನು ಒಪ್ಪುತ್ತಾರೆ. ಈ ಲೆಕ್ಕಾಚಾರಕ್ಕೆ ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ. ಅವರು 1897ರಲ್ಲಿ ತಮ್ಮ ಶೈಕ್ಷಣಿಕ ನಂಬಿಕೆಗಳನ್ನು ಕುರಿತು ಒಂದು ಕಿರು ಬರಹವನ್ನು ಪ್ರಕಟಿಸಿದರು. ಅದರ ಮಾತುಗಳು ಮತ್ತೆ ಮತ್ತೆ 'ನಾನು ನಂಬುತ್ತೇನೆ' ಎಂದೇ ಆರಂಭವಾಗುತ್ತವೆ. ಇಂದು ಶಿಕ್ಷಕರಿಂದ ಬರೆಸುವ ಇಂಥ ಹೇಳಿಕೆಗಳು ಆ ಧಾಟಿಯನ್ನು ಅನುಸರಿಸುತ್ತವೆ. ಆದರೆ ಅವರು ಅದಕ್ಕೆ ಹಿಂದಿನ ವರ್ಷ, 1896ರಲ್ಲಿಯೇ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗಾಗಿ ಒಂದು ಪ್ರಾಯೋಗಿಕ ಶಾಲೆಯನ್ನು ತೆರೆದಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಅವರ ನಂಬಿಕೆಯ ಪಕ್ಕದಲ್ಲಿ ಒಂದು ಶಾಲೆ ನಡೆಯುತ್ತಿತ್ತು. ನನ್ನ ಪಕ್ಕದಲ್ಲಿಯೂ ಒಂದು ಶಾಲೆ ನಡೆಯುತ್ತಿರುವಾಗ ವಾದಗಳ ಹೆಸರನ್ನು ಎಲ್ಲಿಂದಲೋ ತರಬೇಕಾದ ಅಗತ್ಯ ನನಗೆ ಕಾಣಲಿಲ್ಲ.

ಗೆರೆ ಎಳೆದ ಹಾಳೆಯಲ್ಲಿ ಮೊದಲು ಗಟ್ಟಿಯಾಗಿ ನಿಂತ ವಾಕ್ಯ ಮಕ್ಕಳ ತಪ್ಪಿನ ಬಗ್ಗೆ. ಅದು ಹುಟ್ಟಿದ್ದು ಆರನೇ ತರಗತಿಯ ಒಬ್ಬ ಹುಡುಗನ ನೋಟ್‌ಬುಕ್ಕಿನಿಂದ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದರಿಂದ ಆದ ನಷ್ಟವನ್ನು ತುಂಬಲೆಂದು 2022-23ರಲ್ಲಿ ರಾಜ್ಯದಾದ್ಯಂತ ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆದಾಗ, ನಾವು ಕೆಳಗಿನ ತರಗತಿಗಳ ಲೆಕ್ಕಗಳನ್ನು ಮತ್ತೆ ಮಾಡಿಸುತ್ತಿದ್ದೆವು. ಆ ಹುಡುಗನ ಪುಟದಲ್ಲಿ 52ರಲ್ಲಿ 27 ಕಳೆದರೆ 35, 83ರಲ್ಲಿ 46 ಕಳೆದರೆ 43, 71ರಲ್ಲಿ 38 ಕಳೆದರೆ 47 ಎಂದಿತ್ತು. 64ರಲ್ಲಿ 23 ಕಳೆದರೆ 41 ಎಂಬುದು ಮಾತ್ರ ಸರಿ. ನಾಲ್ಕಕ್ಕೆ ಒಂದು ಅಂಕ ಹಾಕಿ ಮುಂದೆ ಹೋಗುವುದು ಸುಲಭ. ಆದರೆ ಸರಿಯಾದ ಲೆಕ್ಕದಲ್ಲಿ ಪಕ್ಕದ ಮನೆಯಿಂದ ದಶಕ ತರುವ ಪ್ರಮೇಯವೇ ಇಲ್ಲ, ತಪ್ಪಾದ ಮೂರರಲ್ಲಿಯೂ ಅದು ಇದೆ ಎಂಬುದು ಕಣ್ಣಿಗೆ ಬಿದ್ದ ಮೇಲೆ ಕರೆದು ಕೇಳದೆ ಇರಲಾಗಲಿಲ್ಲ. ಅವನು ಹೇಳಿದ್ದು ಇಷ್ಟು: "ಚಿಕ್ಕದ್ರಾಗೆ ದೊಡ್ಡದು ಹೋಗಲ್ಲ ಅಂತ ಹೇಳ್ಕೊಟ್ಟಿದ್ರು ಮಿಸ್. ಅದಕ್ಕೆ ದೊಡ್ಡದ್ರಾಗೆ ಚಿಕ್ಕದು ಕಳ್ದೆ." ಎರಡರಲ್ಲಿ ಏಳು ಹೋಗದು, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಬರೆದಿದ್ದ. ಅಂದರೆ ಅವನು ನಿಯಮ ತಪ್ಪಿರಲಿಲ್ಲ, ಕಿವಿಗೆ ಬಿದ್ದ ಒಂದು ನಿಯಮವನ್ನು ಪುಟದುದ್ದಕ್ಕೂ ನಿಷ್ಠೆಯಿಂದ ಪಾಲಿಸಿದ್ದ.

ಅದೇ ಹುಡುಗ ಸಂಜೆ ಹೊತ್ತು ಅವರ ಚಿಕ್ಕಪ್ಪನ ಅಂಗಡಿಯಲ್ಲಿ ಕೂರುತ್ತಾನೆ. "27 ರೂಪಾಯಿ ಸಾಮಾನು ತಗೊಂಡು 52 ರೂಪಾಯಿ ಕೊಟ್ರೆ ಎಷ್ಟು ವಾಪಸ್ ಕೊಡ್ತೀಯ?" ಎಂದು ಕೇಳಿದೆ. ಬೆರಳು ಮಡಿಸದೆ, "ಇಪ್ಪತ್ತೇಳಕ್ಕೆ ಮೂರು ಹಾಕಿದ್ರೆ ಮೂವತ್ತು, ಆಮೇಲೆ ಇಪ್ಪತ್ತು, ಐವತ್ತಾತು, ಮೇಲೆ ಎರಡು. ಇಪ್ಪತ್ತೈದು" ಎಂದ. ಹೇಳಿ ಮುಗಿಸಿದವನೇ ನೋಟ್‌ಬುಕ್ಕಿನ 35ನ್ನು ನೋಡಿದ, ನನ್ನನ್ನು ನೋಡಿದ, ರಬ್ಬರ್ ಹುಡುಕಿದ. ಅಳಿಸಬೇಡ ಎಂದೆ. ಆ 35ರ ಪಕ್ಕದಲ್ಲಿಯೇ 25 ಬರೆಸಿ, ಅಂಗಡಿಯ ಲೆಕ್ಕ ಮತ್ತು ಪುಸ್ತಕದ ಲೆಕ್ಕ ಬೇರೆ ಬೇರೆ ಉತ್ತರ ಕೊಡಲು ಹೇಗೆ ಸಾಧ್ಯ ಎಂದು ಇಡೀ ತರಗತಿಗೆ ಕೇಳಿದೆ. ಆ ದಿನದ ಪಾಠವೆಲ್ಲ ಅದರಲ್ಲಿಯೇ ಕಳೆಯಿತು, ಯೋಜನೆಯಲ್ಲಿ ಬರೆದುಕೊಂಡಿದ್ದು ಮರುದಿನಕ್ಕೆ ಹೋಯಿತು. ಕರಡಿನಲ್ಲಿ ನಾನು ಬರೆದ ವಾಕ್ಯ: ತಪ್ಪು ಉತ್ತರದ ಹಿಂದೆ ಮಗು ಕಟ್ಟಿಕೊಂಡ ಒಂದು ನಿಯಮವಿರುತ್ತದೆ, ಅದನ್ನು ಕೇಳಿ ತಿಳಿಯುವುದು ತಿದ್ದುವುದಕ್ಕಿಂತ ಮೊದಲಿನ ಕೆಲಸ. ಬಲ ಅಂಕಣದಲ್ಲಿ: ಗಣಿತದ ಪುಸ್ತಕಗಳಲ್ಲಿ ತಪ್ಪು ಉತ್ತರವನ್ನು ಅಳಿಸಲು ಬಿಡುವುದಿಲ್ಲ. ಮಗು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಮನೋವಿಜ್ಞಾನಿ ಪಿಯಾಜೆಯ ಹೆಸರಿನಲ್ಲಿ ಬಿ.ಇಡಿ.ಯಲ್ಲಿ ಬರೆದು ಅಂಕ ಪಡೆದಿದ್ದ ಮಾತು ಇದೇ. ಆದರೆ ಮಗು ಕೆಲವೊಮ್ಮೆ ತಪ್ಪಾದದ್ದನ್ನೂ ಅಷ್ಟೇ ಅಚ್ಚುಕಟ್ಟಾಗಿ ಕಟ್ಟಿಕೊಳ್ಳುತ್ತದೆ ಎಂಬ ಅರ್ಧವನ್ನು ಪರೀಕ್ಷೆಗೆ ಯಾರೂ ಕೇಳಿರಲಿಲ್ಲ.

ಎರಡನೆಯ ವಾಕ್ಯಕ್ಕೆ ಬಹಳ ದಿನ ಹಿಡಿಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಮೊದಲನೆಯದಾಗಿ ಹೇಳುವುದು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು. ಇದನ್ನು ಎಡ ಅಂಕಣದಲ್ಲಿ ಬರೆದು ಬಲಕ್ಕೆ ಬಂದಾಗ, ಜೋಡಿಸುವುದು ಎಂದರೆ ಪಾಠದ ಕೊನೆಗೆ ಊರಿನ ಒಂದು ಉದಾಹರಣೆ ಹೇಳಿಬಿಡುವುದೇ ಎಂಬ ಸಂಶಯ ಎದ್ದಿತು. ಅದಕ್ಕೆ ಉತ್ತರ ಸಿಕ್ಕಿದ್ದು ದಶಮಾಂಶದ ಪಾಠದಲ್ಲಿ. ನಮ್ಮ ಮಕ್ಕಳು ಹೊಲದ ಲೆಕ್ಕ ಕೇಳುತ್ತಲೇ ಬೆಳೆದವರು. ಎರಡು ಎಕರೆ ಹತ್ತು ಗುಂಟೆ ಎಂಬುದನ್ನು ಪಹಣಿಯಲ್ಲಿ 2-10 ಎಂದು ಬರೆದಿರುತ್ತದೆ. ಒಬ್ಬಳು ಅದನ್ನೇ ಹಲಗೆಯ ಮೇಲೆ 2.10 ಎಂದು ಬರೆದಳು. ಮತ್ತೊಬ್ಬಳು, "ಹತ್ತು ಗುಂಟೆ ಅಂದ್ರೆ ಕಾಲೆಕರೆ ಅಲ್ವಾ ಮಿಸ್? ಕಾಲು ಅಂದ್ರೆ 0.25 ಅಂತ ನಿನ್ನೆ ಹೇಳಿದ್ರಲ್ಲ?" ಎಂದಳು. ಎಕರೆಗೆ ನಲವತ್ತು ಗುಂಟೆ, ಹಾಗಾಗಿ ಎರಡನೆಯವಳದೇ ಸರಿ: ಅದು 2.25 ಎಕರೆ. ಆದರೆ ಪಹಣಿ ಬರೆದವರದೂ ತಪ್ಪಲ್ಲ. ಹತ್ತರ ಗುಂಪಿನಲ್ಲಿ ನಡೆಯುವ ಬರವಣಿಗೆಗೂ ನಲವತ್ತರ ಗುಂಪಿನಲ್ಲಿ ನಡೆಯುವ ಬರವಣಿಗೆಗೂ ಇರುವ ವ್ಯತ್ಯಾಸ ಮಕ್ಕಳಿಗೆ ಅಂದು ಹೊಳೆದಷ್ಟು ಸ್ಪಷ್ಟವಾಗಿ ಪಠ್ಯಪುಸ್ತಕದ ಚಿತ್ರಗಳಿಂದ ಹೊಳೆದಿದ್ದನ್ನು ನಾನು ನೋಡಿಲ್ಲ. ಗುಂಟೆಗೆ ಹದಿನಾರು ಆಣೆ ಎಂದು ಒಬ್ಬ ಸೇರಿಸಿದ. ಅವರ ಅಜ್ಜ ಹೇಳಿಕೊಟ್ಟದ್ದಂತೆ.

ಹೊಲವೇ ಇಲ್ಲದ, ಕೂಲಿಗೆ ಹೋಗುವ ಮನೆಯ ಮಕ್ಕಳು ನನ್ನ ತರಗತಿಯಲ್ಲಿ ಕಡಿಮೆಯಿಲ್ಲ. ಪಹಣಿಯ ಮಾತು ಬಂದಾಗ ಅವರು ಸುಮ್ಮನೆ ಕೂರುತ್ತಾರೆ. ಹಾಗಾಗಿ ಮರುದಿನ ಹಗ್ಗ ಹಿಡಿದು ಅಂಗಳಕ್ಕೆ ಹೋಗಿ, ಉದ್ದ 33 ಅಡಿ, ಅಗಲ 33 ಅಡಿ ಅಳೆದು, ನಾಲ್ಕು ಮೂಲೆಗೆ ಕಲ್ಲಿಟ್ಟು ಒಂದು ಗುಂಟೆ ಮಾಡಿದೆವು. 1,089 ಚದರ ಅಡಿ ಎಂದು ಗುಣಿಸಿದರು. ಅದರೊಳಗೆ ಎಲ್ಲರೂ ನಿಂತರು, ಎಷ್ಟು ಜನ ಹಿಡಿಯಬಹುದೆಂದು ಅಂದಾಜು ಮಾಡಿದರು. ಅಂಗಳದ ಗುಂಟೆ ಯಾರ ಮನೆಯದೂ ಅಲ್ಲವಾದ್ದರಿಂದ ಅಲ್ಲಿ ಎಲ್ಲರ ಬಾಯಿಯೂ ಬಿಚ್ಚಿತು. ಹೊರಗಿನ ಬದುಕು ಎಂದು ನಾವು ಸಲೀಸಾಗಿ ಹೇಳುವುದು ಎಲ್ಲ ಮಕ್ಕಳಿಗೂ ಒಂದೇ ಅಲ್ಲ, ಅದರಲ್ಲಿ ಉಳ್ಳವರೂ ಇಲ್ಲದವರೂ ಇದ್ದಾರೆ ಎಂಬುದನ್ನು ಚೌಕಟ್ಟಿನ ವಾಕ್ಯಕ್ಕೆ ನಾನು ಸೇರಿಸಿಕೊಂಡೆ. ಬಲ ಅಂಕಣದಲ್ಲಿ ಬರೆದದ್ದು: ಊರಿನ ಲೆಕ್ಕವನ್ನು ಪಾಠದ ಕೊನೆಗಲ್ಲ, ಮೊದಲಿಗೆ ತರುತ್ತೇನೆ; ಪುಸ್ತಕದೊಂದಿಗೆ ಅದು ಜಗಳವಾಡಿದರೆ ಜಗಳವನ್ನು ಬಿಡಿಸುವ ಕೆಲಸ ಮಕ್ಕಳದು; ತರುವ ಉದಾಹರಣೆ ಯಾರನ್ನು ಹೊರಗಿಡುತ್ತದೆ ಎಂದು ಮೊದಲೇ ಯೋಚಿಸುತ್ತೇನೆ.

ಸಮಾನ ಅವಕಾಶದ ಮಾತು ಕರಡಿನಲ್ಲಿ ಎರಡು ಕಡೆ ಬಂದಿತ್ತು, ಎರಡನ್ನೂ ಹೊಡೆದು ಹಾಜರಿಪಟ್ಟಿಯನ್ನು ಮುಂದಿಟ್ಟುಕೊಂಡೆ. ನಮ್ಮ ಕಡೆ ಶೇಂಗಾ ಕೀಳುವ ಕಾಲ ಬಂದರೆ ತರಗತಿಯ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ದೊಡ್ಡವರು ಹೊಲಕ್ಕೆ ಹೋದರೆ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವುದು ಏಳನೇ ತರಗತಿಯ ಹುಡುಗಿ, ಕುರಿ ಹಿಂದೆ ಹೋಗುವುದು ಆರನೇ ತರಗತಿಯ ಹುಡುಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಕಡ್ಡಾಯ ಉಚಿತ ಶಿಕ್ಷಣದ ಮಾತು ಹೇಳುತ್ತದೆ, ಮನೆ ಮನೆಗೆ ಹೋಗಿ ಕರೆತರುವುದು ನಮ್ಮ ಕೆಲಸವೂ ಹೌದು, ಅದನ್ನು ಮಾಡುತ್ತೇವೆ. ಆದರೆ ಮರಳಿ ಬಂದ ಮಗುವಿಗೆ ತರಗತಿಯಲ್ಲಿ ಏನು ಕಾದಿರುತ್ತದೆ ಎಂಬುದು ಬೇರೆ ಪ್ರಶ್ನೆ. ಇಲ್ಲಿ ನನಗೆ ದಾರಿ ತೋರಿದ್ದು ಪಕ್ಕದ ಕೋಣೆಯ ನಲಿ-ಕಲಿ. 1995ರಲ್ಲಿ ಎಚ್‌.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರಿಂದ ಆರಂಭವಾದ ಈ ಪದ್ಧತಿಯಲ್ಲಿ ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ, ಮಕ್ಕಳು 'ತಟ್ಟೆ' ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಕೆಲಕಾಲ ಬಾರದಿದ್ದ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನ ಕಾರ್ಡನ್ನೇ ಎತ್ತಿಕೊಳ್ಳುತ್ತದೆ. ತರಗತಿ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಮೂರನೇ ತರಗತಿ ದಾಟಿದ ಮೇಲೆ ಈ ಏಣಿ ನಿಂತುಹೋಗುತ್ತದೆ. ಆ ಹಿರಿಯ ಶಿಕ್ಷಕಿಯೊಂದಿಗೆ ಕೂತು ಆರನೇ ತರಗತಿಯ ಗಣಿತದ ಅಧ್ಯಾಯಗಳಿಗೆ ಚಿಕ್ಕ ಚಿಕ್ಕ ಚೀಟಿಗಳನ್ನು ಮಾಡಿದೆ: ಒಂದು ಬದಿಗೆ ಬಿಡಿಸಿ ತೋರಿಸಿದ ಲೆಕ್ಕ, ಇನ್ನೊಂದು ಬದಿಗೆ ತಾನೇ ಮಾಡಬೇಕಾದ ಲೆಕ್ಕ. ಮರಳಿದ ಮಗು ಜೊತೆಗಾರರೊಬ್ಬರ ಪಕ್ಕದಲ್ಲಿ ಕೂತು ಚೀಟಿಗಳನ್ನು ಮುಗಿಸುತ್ತಾ ತರಗತಿಯನ್ನು ಸೇರಿಕೊಳ್ಳುತ್ತದೆ. ಇದರಿಂದ ಎಲ್ಲ ನಷ್ಟವೂ ತುಂಬುವುದಿಲ್ಲ. ಆದರೂ ಇದು ಬಲ ಅಂಕಣದಲ್ಲಿ ಬರೆಯಬಹುದಾದ ಕೆಲಸ, ಹಾಗಾಗಿ ಎಡಕ್ಕೆ ಹೀಗೆ ಬರೆದೆ: ಮಗು ಗೈರುಹಾಜರಾದದ್ದಕ್ಕೆ ಕಾರಣ ಮಗುವಲ್ಲದಿರುವಾಗ, ಹಿಂದುಳಿದ ದಂಡವನ್ನು ಮಗು ತೆರಬಾರದು.

ಬೆತ್ತದ ವಿಷಯ ಬೇಗ ಮುಗಿಯುವಂಥದ್ದು. ಅದೇ ಕಾಯ್ದೆಯ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಅಲ್ಲಿ ನನ್ನ ತತ್ತ್ವಕ್ಕೆ ಆಯ್ಕೆಯೇ ಇಲ್ಲ. ಆದರೆ ಪೋಷಕರ ಸಭೆಯಲ್ಲಿ ಈಗಲೂ ಒಬ್ಬರಲ್ಲ ಒಬ್ಬರು, "ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಡಮ್ಮೋರೆ, ಬುದ್ಧಿ ಬಂದ್ರೆ ಸಾಕು" ಎಂದೇ ಎನ್ನುತ್ತಾರೆ. ಅದನ್ನು ಕ್ರೌರ್ಯವೆಂದು ನಾನು ತಿಳಿಯುವುದಿಲ್ಲ; ತಮ್ಮ ಕೈಲಾಗದ್ದನ್ನು ಶಾಲೆಯಾದರೂ ಮಾಡಲಿ ಎಂಬ ಸಂಕಟ ಅದು. ಅವರಿಗೆ ಕಾಯ್ದೆ ಹೇಳುವುದಕ್ಕಿಂತ ಮಗನ ನೋಟ್‌ಬುಕ್ ತೋರಿಸುವುದು ಹೆಚ್ಚು ಉಪಯೋಗವೆಂದು ಕಂಡಿದ್ದೇನೆ.

ಗುರುವಿನ ಮೇಲಿನ ಗೌರವದ ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ, ಮತ್ತು ನಮ್ಮ ಜಿಲ್ಲೆಯಲ್ಲಿ ಅದು ಕಲ್ಲಿನ ಮೇಲೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ, ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ಹೇಳಬೇಕು ಎಂದು ಹೇಳಿ, ಹಾಗೆಯೇ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎನ್ನುತ್ತದೆ. ಇದು ಹಿಂದಿನಿಂದ ಬಂದ ನಡೆ ಎಂದೂ ಸೇರಿಸುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಈ ಮಾತನ್ನು ವಿವರಿಸಿದೆ. ಒಬ್ಬ ಹುಡುಗಿ, "ಆಚಾರ್ಯರು ಶಿಷ್ಯರಿಗೆ ಏನು ಮಾಡಬೇಕು ಅಂತ ಬರ್ದಿಲ್ವಾ ಮಿಸ್?" ಎಂದು ಕೇಳಿದಳು. ಬರೆದಿಲ್ಲ. ನಮ್ಮ ತರಬೇತಿಯಲ್ಲಿಯೂ ಗುರುಶಿಷ್ಯರ ಮಾತು ಬಂದಾಗಲೆಲ್ಲ ನಮ್ಮದೇ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರ ಹೆಸರು ಬರುತ್ತದೆ. ಶಿಷ್ಯರಾದ ಕುವೆಂಪು ತಮ್ಮ ಮಹಾಕಾವ್ಯವನ್ನೇ ಅವರಿಗೆ ಅರ್ಪಿಸಿದರು. ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ದಿನದ ಕೆಲಸಕ್ಕೆ ಆ ಉದಾಹರಣೆ ನನಗೆ ಹೆಚ್ಚು ದೂರ ಬರುವುದಿಲ್ಲ, ಏಕೆಂದರೆ ಅದು ಅಸಾಧಾರಣ ಶಿಷ್ಯನ ಕಥೆಯೂ ಹೌದು. ದಶಕ ಎರವಲು ತರುವುದು ತಿಳಿಯದ ಹುಡುಗನ ಶಿಕ್ಷಕಿ ಹೇಗಿರಬೇಕೆಂಬುದನ್ನು ನಾನೇ ಬರೆದುಕೊಳ್ಳಬೇಕು. ಬರೆದದ್ದು ಇದು: ಗೌರವವನ್ನು ಕೇಳಿ ಪಡೆಯುವುದಿಲ್ಲ, ಮಗು ನನ್ನ ತಪ್ಪನ್ನು ಹಲಗೆಯ ಮೇಲೆ ತೋರಿಸಿದರೆ ಅದನ್ನು ಉದ್ಧಟತನವೆಂದು ಎಣಿಸುವುದಿಲ್ಲ.

ಭಾಷೆಯ ವಾಕ್ಯ ಮಾತ್ರ ಕೊನೆಯವರೆಗೂ ಅಲುಗಾಡುತ್ತಲೇ ಇತ್ತು. ಆಂಧ್ರದ ಗಡಿಗೆ ಹತ್ತಿರವಿರುವ ನಮ್ಮ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದ ಕಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿಯೇ ಕಲಿಸಬೇಕೆನ್ನುತ್ತದೆ. ನಮ್ಮಲ್ಲಿ ಸ್ಥಳೀಯ ಭಾಷೆ ಕನ್ನಡ, ಕೆಲವು ಮಕ್ಕಳ ಮನೆಮಾತು ತೆಲುಗು, ಪೋಷಕರು ಬೇಡುವುದು ಇಂಗ್ಲಿಷು. ದಾವಣಗೆರೆಯಿಂದ ಬಂದ ನನಗೆ ತೆಲುಗು ಅರ್ಥವಾಗುತ್ತದೆ, ಆಡಲು ಬಾರದು. ಹಸಿ ಶೇಂಗಾ ಒಣಗಿದ ಮೇಲೆ ತೂಕ ಏಕೆ ಇಳಿಯುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಕೇಳಿದಾಗ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಪಕ್ಕದವಳಿಗೆ, "ಎಂಡಿತೇ ಬರುವು ತಗ್ಗುತಾದಿ" (ಒಣಗಿದರೆ ತೂಕ ಇಳಿಯುತ್ತದೆ) ಎಂದು ಪಿಸುಗುಟ್ಟಿ, ಒಳಗಿನ ನೀರು ಹೋಗುವುದನ್ನು ಕೈಯಾಡಿಸಿ ತೋರಿಸಿದಳು. ಮಂಡಿಯಲ್ಲಿ ತೇವದ ಮೇಲೆ ದರ ಇಳಿಸುವುದೂ ಅವಳಿಗೆ ಗೊತ್ತಿತ್ತು. ಅವಳಿಗೆ ಬಾರದಿದ್ದದ್ದು ಕನ್ನಡದ ಒಂದು ಸಾಲು, ವಿಜ್ಞಾನವಲ್ಲ. ಹಾಗಾಗಿ ಉತ್ತರವನ್ನು ಮೊದಲು ಯಾವ ಮಾತಿನಲ್ಲಿ ಬೇಕಾದರೂ ಪಕ್ಕದವರಿಗೆ ಹೇಳಿ, ಆಮೇಲೆ ಇಬ್ಬರೂ ಸೇರಿ ಕನ್ನಡದಲ್ಲಿ ಬರೆಯುವುದನ್ನು ರೂಢಿ ಮಾಡಿದ್ದೇನೆ. ಇದನ್ನು ತತ್ತ್ವವೆನ್ನಬೇಕೋ ಉಪಾಯವೆನ್ನಬೇಕೋ ತೀರ್ಮಾನಿಸಲಾಗದೆ ಬಲ ಅಂಕಣವನ್ನು ಮಾತ್ರ ತುಂಬಿ, ಎಡಗಡೆ ಖಾಲಿ ಬಿಟ್ಟೇ ತೆಗೆದುಕೊಂಡು ಹೋದೆ.

ಓದುವ ದಿನ ನನಗಿಂತ ಮೊದಲು ಓದಿದ ಹಲವರ ಬರಹಗಳಲ್ಲಿ ನನ್ನ ಮೊದಲ ಕರಡಿನ ವಾಕ್ಯಗಳೇ ಕೇಳಿಬಂದವು, ಅದರಲ್ಲಿ ಆಶ್ಚರ್ಯವಿಲ್ಲ, ನಾವೆಲ್ಲ ಓದಿದ್ದು ಒಂದೇ ಗೈಡುಗಳನ್ನು. ನನ್ನ ಸರದಿ ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ಪರೀಕ್ಷೆಯ ಬಗ್ಗೆ. 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆದದ್ದನ್ನು ನೆನಪಿಸಿದ ಒಬ್ಬ ಹಿರಿಯರು, "ಅಲ್ಲಿ ಉತ್ತರ ಸರಿಯೋ ತಪ್ಪೋ ಅಷ್ಟೇ ನೋಡೋದು ಮೇಡಂ. ನಿಯಮ ಕೇಳ್ಕೊಂಡು ಕೂತ್ರೆ ಪಾಠ ಮುಗಿಯೋದು ಯಾವಾಗ?" ಎಂದರು. ಕೆಲವು ಪಾಠಗಳನ್ನು ನಾನು ಬೇಗ ಮುಗಿಸುತ್ತೇನೆ, ಅಭ್ಯಾಸದ ಲೆಕ್ಕಗಳನ್ನು ಧಾರಾಳವಾಗಿ ಕೊಡುತ್ತೇನೆ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತೇನೆ ಎಂದೆ. ಮಗ್ಗಿಯ ಮಾತಿಗೆ ಹಲವರು ತಿರುಗಿ ನೋಡಿದರು. ಕಂಠಪಾಠವನ್ನು ಬಿಡಬೇಕೆಂದು ಎಲ್ಲ ದಾಖಲೆಗಳೂ ಹೇಳುತ್ತವೆ, ನಿಜ. ಆದರೆ ಏಳೆಂಟಲ ಐವತ್ತಾರು ಎಂಬುದು ನಾಲಿಗೆಯ ತುದಿಯಲ್ಲಿ ಇಲ್ಲದ ಮಗು ಭಿನ್ನರಾಶಿಯಲ್ಲಿ ಯೋಚಿಸಬೇಕಾದ ಶಕ್ತಿಯನ್ನೆಲ್ಲ ಗುಣಾಕಾರದಲ್ಲಿಯೇ ಖರ್ಚು ಮಾಡಿಬಿಡುತ್ತದೆ. ಅರ್ಥ ಮಾಡಿಕೊಳ್ಳುವುದಕ್ಕೂ ಬಾಯಿಪಾಠಕ್ಕೂ ಹಗೆತನವಿದೆ ಎಂದು ನನಗೆ ಅನ್ನಿಸಿಲ್ಲ. ಅರ್ಥದ ಜಾಗಕ್ಕೆ ಬಾಯಿಪಾಠವನ್ನು ಕೂರಿಸಿದರೆ ಮಾತ್ರ ತೊಂದರೆ.

ಇನ್ನೊಂದು ಪ್ರಶ್ನೆ ಪ್ರೌಢಶಾಲೆಯ ಗಣಿತ ಶಿಕ್ಷಕರೊಬ್ಬರದು. ಹಿರಿಯ ಪ್ರಾಥಮಿಕ ಹಂತದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಕಾಯ್ದೆಯಲ್ಲಿದೆ, ತಮ್ಮ ಕೋಣೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಮಕ್ಕಳಿದ್ದಾರೆ, ಒಬ್ಬೊಬ್ಬರ ತಪ್ಪಿನ ಹಿಂದೆ ಹೋಗುವುದು ಎಲ್ಲಿಂದ ಸಾಧ್ಯ ಎಂದು ಕೇಳಿದರು. ಒಬ್ಬೊಬ್ಬರ ಹಿಂದೆ ಹೋಗಬೇಕಿಲ್ಲ, ಏಕೆಂದರೆ ತಪ್ಪುಗಳು ಮಕ್ಕಳಷ್ಟು ಇರುವುದಿಲ್ಲ. ನೋಟ್‌ಬುಕ್ಕುಗಳನ್ನು ಅಂಕದ ಪ್ರಕಾರ ಜೋಡಿಸದೆ ತಪ್ಪಿನ ಬಗೆಯ ಪ್ರಕಾರ ಜೋಡಿಸಿದರೆ ಮೇಜಿನ ಮೇಲೆ ನಾಲ್ಕೈದು ಅಟ್ಟಿಗಳಾಗುತ್ತವೆ. ಒಂದು ಅಟ್ಟಿಯ ಒಬ್ಬ ಮಗುವನ್ನು ಮಾತಾಡಿಸಿದರೆ ಉಳಿದವರ ವಿಷಯವೂ ಬಹುಮಟ್ಟಿಗೆ ತಿಳಿಯುತ್ತದೆ ಎಂದು ನನ್ನ ಅನುಭವ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ, ಬೀಜಗಣಿತದಲ್ಲಿ ತಪ್ಪುಗಳು ಅಷ್ಟು ಸಲೀಸಾಗಿ ಗುಂಪಾಗುವುದಿಲ್ಲ ಎಂದರು. ಖಾಲಿ ಬಿಟ್ಟ ಎಡ ಅಂಕಣದ ಬಗ್ಗೆ ಹಿರಿಯೂರಿನ ಕಡೆಯ ಶಿಕ್ಷಕಿಯೊಬ್ಬರು, ತಮ್ಮಲ್ಲಿಯೂ ಮಕ್ಕಳ ಮನೆಮಾತು ತೆಲುಗೇ ಎಂದೂ, ಮೊದಲು ಆಲೋಚನೆ, ಆಮೇಲೆ ಭಾಷೆ ಎಂದು ಬರೆದುಬಿಡಿ ಎಂದೂ ಹೇಳಿದರು. ಅಷ್ಟು ಸರಳವಾಗಿ ಬರೆಯಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಆ ಹುಡುಗಿಯ ಆಲೋಚನೆಯೇ ತೆಲುಗಿನಲ್ಲಿ ಇತ್ತು. ಸದ್ಯಕ್ಕೆ ಅಲ್ಲಿ, ಮಗು ತನಗೆ ತಿಳಿದಿರುವುದನ್ನು ತಿಳಿದ ಮಾತಿನಲ್ಲಿ ಹೇಳಿ ತೋರಿಸುವವರೆಗೆ ಅದಕ್ಕೆ ಗೊತ್ತಿಲ್ಲವೆಂದು ತೀರ್ಮಾನಿಸುವುದಿಲ್ಲ ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.

ಬರಹಗಳನ್ನು ನಮ್ಮ ಬಳಿಯೇ ಇಟ್ಟುಕೊಂಡು, ಶಾಲೆ ಆರಂಭವಾಗುವ ಹೊತ್ತಿಗೆ ಪ್ರತಿ ವರ್ಷವೂ ಒಮ್ಮೆ ತಿದ್ದಿಕೊಳ್ಳುವಂತೆ ತರಬೇತಿಯವರು ಹೇಳಿದರು. ನನ್ನದನ್ನು ಪಾಠ ಯೋಜನೆಯ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದೇನೆ. ಬೀಜಗಣಿತದ ತಕರಾರು ಎತ್ತಿದ ಶಿಕ್ಷಕರು ತಮ್ಮ ಎಂಟನೇ ತರಗತಿಯ ಪುಸ್ತಕಗಳನ್ನು ಒಮ್ಮೆ ಹಾಗೆ ವಿಂಗಡಿಸಿ ನೋಡಿ ಹೇಳುತ್ತೇನೆ ಎಂದಿದ್ದಾರೆ; ನಾನು ದಶಮಾಂಶದ ಅಟ್ಟಿಗಳನ್ನು ಅವರಿಗೆ ಕಳಿಸಿಕೊಡುವುದಾಗಿ ಒಪ್ಪಿಕೊಂಡಿದ್ದೇನೆ.